ಹೊರಗಿನವರು ಯಾರು?

(ಜೀವನ್ ಬಿಮಾ ನಗರದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡದಲ್ಲಿ ನಾವು ವಿಮೆ ಎನ್ನುತ್ತೇವೆ. 'ಬಿಮಾ' ಹಿಂದಿಯ ಮಾತು. ಜೀವವಿಮಾ ನಿಗಮದ ಮನೆಗಳೊಡನೆ ಬಂದ ಈ ಹೆಸರನ್ನು ಇಂದು ಯಾರೂ ಪರಕೀಯವೆನ್ನುವುದಿಲ್ಲ. ಪಕ್ಕದ ಹಲಸೂರನ್ನು ನೋಡಿ. 1809ರಲ್ಲಿ ಬ್ರಿಟಿಷರ ದಂಡು ನೆಲೆಯೂರಿದಾಗ ಅದರ ಹಿಂದೆಯೇ ತಮಿಳು, ತೆಲುಗು, ಉರ್ದು ಆಡುವ ಕೂಲಿಗಳೂ ವರ್ತಕರೂ ಬಂದರು. ಅವರ ಮರಿಮಕ್ಕಳು ಈ ಊರಿನವರೇ ತಾನೆ?

ಆದರೆ ಮನೆಗೆಲಸಕ್ಕೆ, ಗಾರೆ ಕೆಲಸಕ್ಕೆ ಬಂದ ಬಡವ ಬಂಗಾಳಿಯಲ್ಲಿ ಬಾಯಿ ತೆರೆದರೆ ಸಾಕು, ಬಾಂಗ್ಲಾದೇಶದವನೆಂಬ ಗುಮಾನಿ. 2020ರ ಜನವರಿಯಲ್ಲಿ, ಇಲ್ಲಿಗೆ ಬಹುದೂರವಲ್ಲದ ಕರಿಯಮ್ಮನ ಅಗ್ರಹಾರದಲ್ಲಿ ಇದೇ ಗುಮಾನಿಯ ಮೇಲೆ ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದವರು ಅಸ್ಸಾಮಿನವರು, ತ್ರಿಪುರದವರು. ಉತ್ತರ ಕರ್ನಾಟಕದಿಂದ ಗುಳೆ ಬಂದ ಕನ್ನಡಿಗರೂ ಇದ್ದರು! ಹೈಕೋರ್ಟು ತಡೆ ನೀಡುವ ಹೊತ್ತಿಗೆ ಪಾತ್ರೆ ಪಡಗಗಳು ಮಣ್ಣುಪಾಲಾಗಿದ್ದವು.

ಅಕ್ರಮವಾಗಿ ಗಡಿ ದಾಟಿದವರು ಇಲ್ಲವೆ ಎಂದು ಕೇಳುತ್ತೀರಿ. ಇರಬಹುದು. ಅದನ್ನು ವಿಚಾರಿಸಲು ಕಾನೂನಿದೆ. ಜೆಸಿಬಿ ಯಂತ್ರ ವಿಚಾರಣೆ ನಡೆಸಲಾರದು. ಸಂವಿಧಾನದ 19ನೆಯ ವಿಧಿಯು ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಪ್ರತಿ ಪೌರನಿಗೂ ಕೊಟ್ಟಿದೆ. 1955ರ ಪೌರತ್ವ ಕಾಯಿದೆಯಂತೆ ವಿದೇಶೀಯನು ಅರ್ಜಿ ಹಾಕಿ ದೇಶೀಕರಣ ಪಡೆಯುವಾಗಲೂ, ಭಾಷೆಯ ಮಟ್ಟಿಗೆ, ಎಂಟನೆಯ ಅನುಸೂಚಿಯ ಯಾವುದಾದರೊಂದು ಭಾಷೆ ಬಂದರೆ ಸಾಕು. ಆ ಪಟ್ಟಿಯಲ್ಲಿ ಕನ್ನಡವೂ ಇದೆ, ಬಂಗಾಳಿಯೂ ಇದೆ.

ಇನ್ನು ಕಾಗದಪತ್ರ. ನಾನು ಮೇಷ್ಟ್ರಾಗಿದ್ದಾಗ ಗಾರೆ ಕೆಲಸದವರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುತ್ತಿದ್ದೆ. ಹುಟ್ಟಿದ ದಿನ ಕೇಳಿದರೆ ತಾಯಿ, "ದೊಡ್ಡ ಮಳೆ ಬಂತಲ್ಲ ಸ್ವಾಮಿ, ಆವಾಗ" ಎನ್ನುತ್ತಿದ್ದಳು. ಜೂನ್ 1 ಎಂದು ಬರೆದುಬಿಡುತ್ತಿದ್ದೆ. ಆಗ ಅದು ದೊಡ್ಡ ಸಂಗತಿಯೆನಿಸಿರಲಿಲ್ಲ. ಈಗ ನಿದ್ದೆ ಬರುವುದಿಲ್ಲ. 1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವನಿಗೆ ಹುಟ್ಟೇ ಸಾಕು. ಆಮೇಲೆ ಹುಟ್ಟಿದವನು ತಂದೆತಾಯಿಯರ ಪೌರತ್ವವನ್ನೂ ತೋರಿಸಬೇಕು. ನನ್ನಂಥ ಮೇಷ್ಟ್ರೊಬ್ಬ ಅಂದಾಜಿನಲ್ಲಿ ಗೀಚಿದ ತಾರೀಖು ಯಾವ ತಾಯಿಯ, ಯಾವ ಮಗುವಿನ ಕುತ್ತಿಗೆಗೆ ಬರುವುದೋ!

ಇಲ್ಲಿ ಬಾಳುವವರು ಕನ್ನಡ ಕಲಿಯಬೇಕೆಂಬುದು ನ್ಯಾಯವಾದ ಮಾತು. ನಾನೂ ಹೇಳುತ್ತೇನೆ. ಆದರೆ ಹೊತ್ತು ಮೂಡುವ ಮೊದಲೇ ಪಾತ್ರೆ ತಿಕ್ಕಲು ಹೊರಟು ಕತ್ತಲಾದ ಮೇಲೆ ಮರಳುವ ಹೆಣ್ಣುಮಗಳಿಗೆ ಕಲಿಸಿದವರು ಯಾರು? ಬೋರ್ಡಿಗೆ ಮಸಿ ಬಳಿಯುವಷ್ಟು ಉತ್ಸಾಹ ಸ್ಲೇಟು ಹಿಡಿಸುವುದರಲ್ಲಿ ಕಾಣಲಿಲ್ಲ. ನಮ್ಮ ಪಕ್ಷವೂ ಇದಕ್ಕೆ ಹೊರತಲ್ಲ.

ಬರುವ ಭಾನುವಾರ ಸಂಜೆ ಇದೇ ಜಾಗದಲ್ಲಿ ಪಾಠ ಆರಂಭಿಸುತ್ತೇವೆ. ನಿಮ್ಮ ಮನೆಗೆಲಸದಾಕೆಗೆ ಅಂದು ಒಂದು ಗಂಟೆ ಬಿಡುವು ಕೊಡಿ. ಸಂಬಳ ಹಿಡಿಯಬೇಡಿ.