ಹಕ್ಕಲು ಆಯುವ ಕೈ, ಚಿತ್ರ ತೆಗೆಯುವ ಕೈ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ವಿಡಿಯೊ ತೆಗೆಯುವುದು ನನ್ನ ಕಾಯಕ. 22 ವರ್ಷಗಳಿಂದ ಮದುವೆ, ಜಾತ್ರೆ, ಸತ್ಕಾರ ಸಮಾರಂಭಗಳನ್ನು ತೆಗೆಯುತ್ತ ಬಂದಿದ್ದೇನೆ. ದೊಡ್ಡವರು ವೇದಿಕೆ ಹತ್ತಿದರೆ ನನ್ನ ಕ್ಯಾಮೆರಾ ತಾನಾಗಿಯೇ ಅತ್ತ ತಿರುಗುತ್ತದೆ. ಮಂಟಪದ ಹಿಂದೆ ಪಾತ್ರೆ ತೊಳೆಯುವವರ ಕಡೆಗೆ ಅದು ತಿರುಗಿದ್ದು ನನಗೆ ನೆನಪಿಲ್ಲ. "ನಿಮ್ಮ ಕಾಯಕದ ಬಗ್ಗೆಯೇ ಮಾತಾಡಿ" ಎಂದು ಪೂಜ್ಯರು ಅಪ್ಪಣೆ ಕೊಟ್ಟಾಗ ನನಗೆ ಮೊದಲು ನೆನಪಾದವರು ನನ್ನ ಕಣ್ಣು ತೆರೆಸಿದ ಒಬ್ಬ ಅಜ್ಜಿ. ಅವರ ಹೆಸರು ಆನ್ಯೆಸ್ ವಾರ್ದಾ. 1928ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಬಾಳಿ, 2019ರಲ್ಲಿ ತೀರಿಕೊಂಡ ಚಿತ್ರ ನಿರ್ದೇಶಕಿ.

ಮಗ ಇನ್ನೂ ಚಿಕ್ಕವನಿದ್ದಾಗ ವಾರ್ದಾ ಅವರಿಗೆ ಮನೆ ಬಿಟ್ಟು ದೂರ ಹೋಗಲು ಆಗುತ್ತಿರಲಿಲ್ಲ. ನಮ್ಮ ತಾಯಂದಿರಿಗೆಲ್ಲ ಗೊತ್ತಿರುವ ಕಷ್ಟವಿದು. ಅವರು ತಮ್ಮ ಮನೆಯಿಂದಲೇ ಸುಮಾರು 90 ಮೀಟರ್ ಕರೆಂಟಿನ ವೈರು ಎಳೆದರು. ಆ ವೈರು ಮುಟ್ಟುವಷ್ಟು ದೂರದಲ್ಲಿದ್ದ ಅಂಗಡಿಯವರನ್ನೇ ಚಿತ್ರಿಸಿದರು. ಬ್ರೆಡ್ ಮಾಡುವವರು, ಕಟುಕರು, ದರ್ಜಿಗಳು, ಅತ್ತರು ಮಾರುವ ವೃದ್ಧ ದಂಪತಿ. ಅವರ ದುಡಿಮೆಯನ್ನು ತೋರಿಸಿದ ಮೇಲೆ, ನಿಮಗೆ ಎಂಥ ಕನಸು ಬೀಳುತ್ತದೆ ಎಂದೂ ಕೇಳಿದರು. ಓಣಿಯ ಅಂಗಡಿಯವರ ಕನಸನ್ನು ನಾವು ಯಾವಾಗಲಾದರೂ ಕೇಳಿದ್ದೇವೆಯೇ? ಆ ಚಿತ್ರ 1975ರದು.

ಹೆಸರುವಾಸಿಯಾದವರನ್ನೂ ಅವರು ಹೀಗೆಯೇ ನೋಡಿದರು. ಜೇನ್ ಬರ್ಕಿನ್ ಎಂಬ ಪ್ರಖ್ಯಾತ ನಟಿ, ಗಾಯಕಿಯ ಚಿತ್ರ ತೆಗೆದಾಗ, ಅವರ ಕೈಚೀಲದಲ್ಲಿದ್ದುದನ್ನೆಲ್ಲ ನೆಲದ ಮೇಲೆ ಸುರುವಿಸಿದರು. ಎಲ್ಲ ಹೆಣ್ಣುಮಕ್ಕಳ ಚೀಲದಲ್ಲಿ ಇರುವಂಥ ಗೊಂದಲವೇ ಅಲ್ಲೂ ಇತ್ತು. ತಮ್ಮ ಗಂಡ, ದೊಡ್ಡ ನಿರ್ದೇಶಕ ಜಾಕ್ ದೆಮಿ ಕಾಯಿಲೆ ಬಿದ್ದು ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ, ಅವರ ಬಾಲ್ಯವನ್ನು ಚಿತ್ರವಾಗಿಸಿದರು. ನಡುನಡುವೆ ಅವರ ಕೂದಲು, ಚರ್ಮ, ಕಣ್ಣನ್ನು ತೀರ ಹತ್ತಿರದಿಂದ ತೋರಿಸಿದರು. ಅಲ್ಲಿ ಕಾಣುವುದು ಕೀರ್ತಿಯಲ್ಲ, ಹೆಂಡತಿಯೊಬ್ಬಳು ನೇವರಿಸುತ್ತಿರುವ ಮೈ.

ಇನ್ನು ನನ್ನನ್ನು ಅಲುಗಾಡಿಸಿದ ಚಿತ್ರಕ್ಕೆ ಬರುತ್ತೇನೆ. 2000ದಲ್ಲಿ ಬಂದ ಅದರ ಹೆಸರು, ನಮ್ಮ ಮಾತಿನಲ್ಲಿ ಹೇಳುವುದಾದರೆ, 'ಹಕ್ಕಲು ಆಯುವವರು ಮತ್ತು ಆಯುವವಳು'. ಕೊಯ್ಲಾದ ಹೊಲದಲ್ಲಿ ಬಿದ್ದ ಆಲೂಗಡ್ಡೆ ಆಯುವವರು, ಸಂತೆ ಮುಗಿದ ಮೇಲೆ ಉಳಿದ ಸೊಪ್ಪು ಹಣ್ಣು ಆರಿಸಿಕೊಳ್ಳುವವರು ಅದರಲ್ಲಿದ್ದಾರೆ. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಹಕ್ಕಲು ಆಯಲು ಅಲ್ಲಿ ಕಾಯಿದೆಯ ಅನುಮತಿಯುಂಟು. ಕರಿ ನಿಲುವಂಗಿಯ ವಕೀಲರೊಬ್ಬರನ್ನು ಹೊಲದಲ್ಲೇ ನಿಲ್ಲಿಸಿ ವಾರ್ದಾ ಅದನ್ನು ಹೇಳಿಸುತ್ತಾರೆ. ಸಂತೆಯಲ್ಲಿ ಬಿದ್ದುದನ್ನು ತಿನ್ನುತ್ತಿದ್ದ ಒಬ್ಬನನ್ನು ಮಾತಾಡಿಸಿದರೆ, ಆತ ಜೀವಶಾಸ್ತ್ರ ಓದಿ ಪದವಿ ಪಡೆದವನು! ರಾತ್ರಿ ಹೊತ್ತು ವಲಸೆ ಬಂದವರಿಗೆ ಹಣ ಪಡೆಯದೆ ಅಕ್ಷರ ಕಲಿಸುತ್ತಿದ್ದಾನೆ.

ಹೆಸರಿನಲ್ಲಿರುವ 'ಆಯುವವಳು' ಯಾರು? ಸ್ವತಃ ವಾರ್ದಾ. ಚಿತ್ರ ತೆಗೆಯುವವಳೂ ಅನ್ಯರ ಬದುಕಿನಿಂದ ಆಯ್ದುಕೊಳ್ಳುವವಳೇ. ಅದಕ್ಕೇ ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು, ಸುಕ್ಕುಗಟ್ಟಿದ ತಮ್ಮ ಇನ್ನೊಂದು ಕೈಯನ್ನೇ ತೋರಿಸುತ್ತಾರೆ.

ಎರಡು ವರ್ಷದ ಮೇಲೆ ಅವರು ಅದೇ ಜನರ ಬಳಿ ಮರಳಿ ಹೋದರು. ಆ ಅಕ್ಷರ ಕಲಿಸುವಾತ, ಚಿತ್ರದಲ್ಲಿ ನಿಮ್ಮ ಬಗ್ಗೆ ನೀವೇ ತೋರಿಸಿಕೊಂಡ ಭಾಗ ಬೇಕಿರಲಿಲ್ಲ ಎಂದು ಮುಖದ ಮೇಲೆಯೇ ಹೇಳಿದ. ವಾರ್ದಾ ಆ ಮಾತನ್ನು ಕತ್ತರಿಸಲಿಲ್ಲ. ಎರಡನೆಯ ಚಿತ್ರದಲ್ಲಿ ಹಾಗೆಯೇ ಇಟ್ಟರು.

ಇದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ನನ್ನ ಅವ್ವ ಕಂಡವರ ಹೊಲದಲ್ಲಿ ಶೇಂಗಾ ಹಕ್ಕಲು ಆರಿಸಿ, ಉಡಿಯಲ್ಲಿ ತುಂಬಿಕೊಂಡು ಬಂದು, ಅದನ್ನು ಮಾರಿ ನನ್ನ ಶಾಲೆಯ ಫೀ ಕಟ್ಟಿದವಳು. ಊರ ಗಣ್ಯರನ್ನೆಲ್ಲ ತೆಗೆದ ನಾನು ಅವ್ವನನ್ನು ಒಮ್ಮೆಯೂ ಕೂರಿಸಿ ಮಾತಾಡಿಸಿರಲಿಲ್ಲ. ನಿಜ ಹೇಳುತ್ತೇನೆ, ಹಕ್ಕಲಿನ ವಿಷಯ ನಾಲ್ಕು ಜನಕ್ಕೆ ತಿಳಿದರೆ ನನಗೆ ನಾಚಿಕೆಯಾಗುತ್ತಿತ್ತು.

ಆಮೇಲೆ ತೆಗೆದೆ. ಅವಳ ಮಾತು, ಅವಳ ಕೈ, ಆ ಹೊಲ ಎಲ್ಲವನ್ನೂ ಸೇರಿಸಿ 15 ನಿಮಿಷದ ಚಿತ್ರ ಮಾಡಿ, ಹಿಂದೆ ಕರುಳು ಕಿವುಚುವಂಥ ಸಂಗೀತ ಹಾಕಿದೆ. ಮೊದಲು ಅವಳಿಗೇ ತೋರಿಸಿದೆ. ಕಣ್ಣೀರು ಹಾಕುತ್ತಾಳೆ ಅಂದುಕೊಂಡಿದ್ದೆ. ಸಿಟ್ಟಿಗೆದ್ದಳು.

"ಯಪ್ಪಾ, ಈ ಅಳೂ ಹಾಡ ಯಾಕ ಹಾಕೀದಿ? ನಾವು ಹಾಡಕೋತ ಆರಿಸ್ತಿದ್ವಿ. ಹೊಲದವರೂ ಬೈಯಲಿಲ್ಲ, ನಾವೂ ಕದೀಲಿಲ್ಲ. ಅಳಾಕತ್ತಾಂವ ನೀನು, ನಾ ಅಲ್ಲ."

ಶರಣ ಬಂಧುಗಳೇ, ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಬಿದ್ದ ಅಕ್ಕಿ ಆಯುವುದು ಅವರಿಗೆ ಅವಮಾನವಾಗಿರಲಿಲ್ಲ, ಅದು ಕಾಯಕ. ಒಂದು ದಿನ ಮಾರಯ್ಯನವರು ಬೇಕಾದುದಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಹೇಳಿದರು. ಅವ್ವನ ಬದುಕಿನಲ್ಲಿ ಇಲ್ಲದ ದುಃಖವನ್ನು ನಾನೂ ಹೆಚ್ಚಾಗಿ ತುಂಬಿಕೊಂಡು ಬಂದಿದ್ದೆ. ಸಂಗೀತ ತೆಗೆದುಹಾಕಿದೆ. ಈಗ ಆ ಚಿತ್ರದಲ್ಲಿ ಇರುವುದು ಗಾಳಿಯ ಸದ್ದು, ಅವಳ ದನಿ. ಅವಳು ಬೈದದ್ದನ್ನೂ ಕೊನೆಗೆ ಸೇರಿಸಿದ್ದೇನೆ.

ಇವತ್ತು ನಿಮ್ಮೆಲ್ಲರ ಕಿಸೆಯಲ್ಲೂ ಒಂದು ಕ್ಯಾಮೆರಾ ಇದೆ. ಮನೆಯ ಹಿರಿಯರನ್ನು ಕೂರಿಸಿ ಕೇಳಿರಿ, ಅವರ ದುಡಿಮೆಯನ್ನೂ ಕನಸನ್ನೂ ಕೇಳಿರಿ. ನಮ್ಮ ಮರುಕವನ್ನು ಅವರ ಬಾಯಿಗೆ ತುರುಕಬೇಡಿರಿ. ತೆಗೆದದ್ದನ್ನು ಊರಿಗೆ ತೋರಿಸುವ ಮೊದಲು ಅವರಿಗೆ ತೋರಿಸಿರಿ. ಬೈದರೆ ಬೈಸಿಕೊಳ್ಳಿರಿ.