ಬೀಗ ಬಿದ್ದ ಚರ್ಚು

ಕ್ರೈಸ್ತ ಭಕ್ತನೊಬ್ಬ ಹಾಸಿಗೆ ಹಿಡಿದನೆಂದರೆ ಅವನ ಸುತ್ತ ಸಭೆ ನೆರೆಯುತ್ತದೆ. ಪಾದ್ರಿಗಳು ಬಂದು ಪ್ರಾರ್ಥಿಸುತ್ತಾರೆ; ನೆರೆಹೊರೆಯವರು ಇರುಳು ಎಚ್ಚರವಿರುತ್ತಾರೆ; ಸತ್ತ ಮೇಲೆ ಗಂಟೆ ಬಾರಿಸಿ, ಹಾಡಿ, ಚರ್ಚಿನ ಅಂಗಳದ ಮಣ್ಣಿಗೆ ಒಪ್ಪಿಸುತ್ತಾರೆ. ಹೀಗೆ ನೆರೆಯುವುದರಿಂದಲೇ ರೋಗ ಹರಡುವುದಾದರೆ ಭಕ್ತಿ ಏನು ಮಾಡಬೇಕು? ಇಂಗ್ಲೆಂಡಿನ ಡರ್ಬಿಷೈರ್ ಸೀಮೆಯ ಈಮ್ ಎಂಬ ಹಳ್ಳಿ 1666ರಲ್ಲಿ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು.

ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ, ಲಂಡನಿನಿಂದ ದರ್ಜಿಯ ಮನೆಗೆ ಬಂದ ಬಟ್ಟೆಯ ಮೂಟೆಯೊಡನೆ ಪ್ಲೇಗು ಊರು ಹೊಕ್ಕಿತೆಂದು ಪ್ರತೀತಿ. ಚಳಿಗಾಲದಲ್ಲಿ ತಣ್ಣಗಾದಂತೆ ಕಂಡ ಬೇನೆ ಬೇಸಗೆಯಲ್ಲಿ ಮತ್ತೆ ಭುಗಿಲೆದ್ದಿತು. ಊರು ಬಿಡುವ ಯೋಚನೆಯಲ್ಲಿದ್ದ ಜನರನ್ನು ತಡೆದವರು ಇಬ್ಬರು ಪಾದ್ರಿಗಳು. ವಿಲಿಯಂ ಮಾಂಪೆಸನ್ ತರುಣರು, ಊರಿಗೆ ಹೊಸಬರು. ಥಾಮಸ್ ಸ್ಟ್ಯಾನ್ಲಿ ಹಳಬರು. 1662ರ ಶಾಸನ ವಿಧಿಸಿದ ಪ್ರಾರ್ಥನಾಕ್ರಮಕ್ಕೆ ಒಪ್ಪದೆ ಚರ್ಚಿನಿಂದ ಹೊರಬಿದ್ದವರು. ಇಂತಹ ಇಬ್ಬರು ಒಟ್ಟಿಗೆ ನಿಂತು, ಯಾರೂ ಊರಿನ ಎಲ್ಲೆ ದಾಟಬಾರದೆಂದು ಕೇಳಿಕೊಂಡರು. ಈ ಕಥೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಇದೇ.

ಚರ್ಚಿಗೆ ಬೀಗ ಬಿದ್ದಿತು. ಆರಾಧನೆ ಕಕ್ಲೆಟ್ ಡೆಲ್ಫ್ ಎಂಬ ಬಯಲು ಕಣಿವೆಗೆ ಬಂದಿತು. ಒಂದೊಂದು ಸಂಸಾರವೂ ದೂರದೂರ ನಿಂತಿತು. ಎಲ್ಲೆಕಲ್ಲಿನ ಕುಳಿಗಳಲ್ಲಿ ವಿನಿಗರ್ ತುಂಬಿ ಅದರಲ್ಲಿ ನಾಣ್ಯವಿಡುತ್ತಿದ್ದರು. ಹೊರಗಿನವರು ದವಸವಿಟ್ಟು ಹೋಗುತ್ತಿದ್ದರು. ಸತ್ತವರನ್ನು ಅವರವರ ಮನೆಯವರೇ ತಮ್ಮ ತೋಟದಲ್ಲೋ ಹೊಲದಲ್ಲೋ ಹೂಳಬೇಕಾಯಿತು. ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಆಗಸ್ಟ್ ತಿಂಗಳ 8 ದಿನಗಳಲ್ಲಿ ಗಂಡನನ್ನೂ 6 ಮಕ್ಕಳನ್ನೂ ತಾನೇ ಮಣ್ಣು ಮಾಡಿದಳು. ಗಂಟೆಯಿಲ್ಲ, ಹಾಡಿಲ್ಲ, ಹೆಗಲು ಕೊಡುವವರಿಲ್ಲ. ಸಾವಿನೆದುರು ಭಕ್ತನಿಗೆ ಉಳಿಯುವ ಆಸರೆಯೇ ಆ ವಿಧಿಗಳು. ನೆರೆಯೂರಿನವರ ಪ್ರಾಣಕ್ಕಾಗಿ ಅವನ್ನೂ ಬಿಟ್ಟುಕೊಟ್ಟರು.

ಮಾಂಪೆಸನ್ ತಮ್ಮ ಮಕ್ಕಳನ್ನು ಮೊದಲೇ ಹೊರಗೆ ಕಳುಹಿಸಿದ್ದರು. ಆಡಿಕೊಳ್ಳುವವರು ಆಡಿಕೊಳ್ಳಲಿ, ಹೆಂಡತಿ ಕ್ಯಾಥರೀನ್ ಊರಿನಲ್ಲೇ ಉಳಿದು ಅದೇ ಆಗಸ್ಟಿನಲ್ಲಿ ಪ್ಲೇಗಿಗೆ ತುತ್ತಾದಳು. ನವೆಂಬರಿನಲ್ಲಿ ಮಾರಿ ಅಡಗುವ ಹೊತ್ತಿಗೆ ಸತ್ತವರು ಸುಮಾರು 260 ಮಂದಿ.

ಇಲಿಯ ಚಿಗಟದಿಂದ ಹರಡುವ ರೋಗಕ್ಕೆ ಊರಿನ ಎಲ್ಲೆ ಎಷ್ಟು ತಡೆಯಾದೀತು, ಒಳಗೇ ಉಳಿದದ್ದರಿಂದ ಸಾವು ಹೆಚ್ಚಲಿಲ್ಲವೇ ಎಂದು ಇಂದಿನ ವಿದ್ವಾಂಸರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ನಮ್ಮ ಹಿರಿಯರು ಮನೆ ತೊರೆದು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು, ಅದು ಜಾಣತನ. ಆದರೆ ಪ್ಲೇಗಿನ ಸೂಕ್ಷ್ಮಾಣು ಪತ್ತೆಯಾದುದೇ 1894ರಲ್ಲಿ. ಈಮಿನವರಿಗೆ ತಿಳಿದಿದ್ದುದು ಇಷ್ಟು: ತಾವು ಹೋದಲ್ಲಿಗೆ ರೋಗವೂ ಬಂದೀತು.

ಪ್ರತಿವರ್ಷ ಆಗಸ್ಟಿನ ಕಡೆಯ ಭಾನುವಾರ ಈಮಿನಲ್ಲಿ ಆ ಮೃತರ ಸ್ಮರಣೆಯ ಆರಾಧನೆ ನಡೆಯುತ್ತದೆ. ಮಾಂಪೆಸನ್ ಮುಂದೆ ನಾಟಿಂಗ್‌ಹ್ಯಾಮ್‌ಷೈರಿನ ಈಕ್ರಿಂಗ್ ಎಂಬ ಊರಿಗೆ ಪಾದ್ರಿಗಳಾಗಿ ಹೋದರು. ಪ್ಲೇಗಿನೂರಿನಿಂದ ಬಂದವರೆಂದು ಜನ ಹೆದರಿ ಹತ್ತಿರ ಸೇರಿಸಲಿಲ್ಲವೆಂದೂ, ಕೆಲಕಾಲ ಅವರು ಊರ ಹೊರಗಿನ ಗುಡಿಸಲಿನಲ್ಲಿದ್ದು, ಬಯಲಿನಲ್ಲಿ ಒಂದು ಮರದ ಕೆಳಗೆ ನಿಂತು ಬೋಧಿಸಿದರೆಂದೂ ಅಲ್ಲಿಯವರು ಹೇಳುತ್ತಾರೆ.