ದ್ವೀಪದ ಶಾಲೆಯಲ್ಲಿ ನಮ್ಮ ಮೊದಲ ವರ್ಷ

(ಶತಮಾನೋತ್ಸವದ ಅಂಗವಾಗಿ ಜರುಗಿದ ಅಧ್ಯಾಪಕರ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



‘ಆದರ್ಶ ಅಧ್ಯಾಪಕ’ ಎಂಬ ವಿಷಯವಾಗಿ ಮಾತನಾಡಬೇಕೆಂದು ಸಂಘಟಕರು ನಮ್ಮನ್ನು ಕೇಳಿಕೊಂಡಿದ್ದರು. ಆದರ್ಶದ ವಿಚಾರವನ್ನು ನಮಗಿಂತ ಅರ್ಹರಾದವರು ಬೆಳಗಿನಿಂದ ಹೇಳಿದ್ದಾರೆ. ಆದುದರಿಂದ ಆದರ್ಶನಲ್ಲದ ಒಬ್ಬ ಅಧ್ಯಾಪಕನ ಕಥೆಯನ್ನು ಹೇಳಲು ನಿಮ್ಮ ಅಪ್ಪಣೆ ಬೇಡುತ್ತೇವೆ. ಆ ಅಧ್ಯಾಪಕರು ನಾವೇ.

ಗುರುದೀಕ್ಷೆ ಪಡೆದು ಕೆಲವೇ ವರ್ಷಗಳಾಗಿದ್ದಾಗ, ೧೯೯೧ ರಲ್ಲಿ, ಶಾಂತಸಾಗರದ ಕಿರಿಬಾತಿ ದೇಶದ ಒಂದು ಹೊರದ್ವೀಪಕ್ಕೆ ನಾವು ಸಂಬಳವಿಲ್ಲದ ಸ್ವಯಂಸೇವಕ ಅಧ್ಯಾಪಕರಾಗಿ ಹೋದೆವು. ಭೂಮಧ್ಯರೇಖೆಯ ಎರಡೂ ಪಕ್ಕಗಳಲ್ಲಿ ಚದರಿರುವ ೩೩ ದ್ವೀಪಗಳ ಆ ದೇಶವು ೧೯೭೯ ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ನಾವಿದ್ದುದು ಹವಳದ ಒಂದು ಕಿರಿದಾದ ಪಟ್ಟಿ. ಒಂದು ಮಗ್ಗುಲಲ್ಲಿ ಮಹಾಸಾಗರ, ಇನ್ನೊಂದು ಮಗ್ಗುಲಲ್ಲಿ ಶಾಂತವಾದ ಒಳಗಡಲು, ನಡುವೆ ತೆಂಗಿನ ಮರಗಳು. ತೆಂಗನ್ನು ಕಂಡೊಡನೆ ನಮಗೆ ಧೈರ್ಯ ಬಂದಿತು. ಮಂಗಳೂರಿನ ಕಡೆಯ ತೋಟದಲ್ಲಿ ಬೆಳೆದ ನಾವು ಇಲ್ಲಿ ಕಲಿಯಬೇಕಾದುದೇನಿದೆ, ಕಲಿಸುವುದಷ್ಟೇ ತಾನೆ ಎಂದು ಭಾವಿಸಿದೆವು.

ಆ ಭಾವನೆಗೆ ಮೊದಲ ಪೆಟ್ಟು ಹಾಜರಿ ಪುಸ್ತಕದಿಂದಲೇ ಬಿದ್ದಿತು. ಆ ಜನರ ಭಾಷೆಗೆ ಲಿಪಿ ಹೊಂದಿಸಿದವರು ೧೮೫೭ ರಲ್ಲಿ ಅಬಾಯಾಂಗ್ ದ್ವೀಪಕ್ಕೆ ಬಂದ ಹೈರಮ್ ಬಿಂಗ್ಹಮ್ ಎಂಬ ಪ್ರೊಟೆಸ್ಟಂಟ್ ಪಾದ್ರಿಗಳು. ಅಕ್ಷರಗಳು ಹದಿಮೂರೇ. ‘ಸ’ಕಾರಕ್ಕೆ ಬೇರೆ ಅಕ್ಷರವಿಲ್ಲ, ‘ತಿ’ ಎಂದು ಬರೆದುದನ್ನು ‘ಸ’ಕಾರವಾಗಿ ಓದಬೇಕು. ಕಿರಿಬಾತಿ ಎಂದರೆ ಕಿರಿಬಾಸ್; ಕಿರಿತಿಮಾತಿ ಎಂಬ ದ್ವೀಪವು ಬೇರೇನೂ ಅಲ್ಲ, ಕ್ರಿಸ್ಮಸ್! ಇದನ್ನರಿಯದೆ ಗಂಭೀರ ಸ್ವರದಲ್ಲಿ ಹೆಸರು ಕೂಗಿದಾಗ ಇಡೀ ತರಗತಿ ನಕ್ಕಿತು.

ಎರಡನೆಯದು ನಮ್ಮ ಧರ್ಮಶ್ರದ್ಧೆಯಿಂದಾದ ತಪ್ಪು. ಅಲ್ಲಿನ ಗಂಡಸರು ಬೆಳಿಗ್ಗೆ ಸಂಜೆ ಹಾಡುತ್ತ ತೆಂಗಿನ ಮರವೇರಿ, ಹೊಂಬಾಳೆ ಕೆತ್ತಿ, ರಸ ಇಳಿಸುತ್ತಾರೆ. ನೆರೆಯ ಮನೆಯವರು ಒಂದು ಬಾಟಲಿ ತಂದಿತ್ತರು. ನಮ್ಮೂರಿನ ಮೂರ್ತೆದಾರರನ್ನು ನೆನೆದು ನಾವು ಎರಡೂ ಕೈಗಳಿಂದ ತಡೆದು, “ಕಳ್ಳು ನಮಗೆ ವರ್ಜ್ಯ” ಎಂದು ಒಂದು ಸಣ್ಣ ಉಪದೇಶವನ್ನೇ ಮಾಡಿಬಿಟ್ಟೆವು. ಅವರು ಬಾಟಲಿಯನ್ನು ಮರಳಿ ಒಯ್ದರು. ಅದು ಹುಳಿಯದ ರಸ, ನಮ್ಮ ನೀರಾ. ಅವರ ಮಾತಿನಲ್ಲಿ ಕರೇವೆ. ಹಸುಳೆಗಳಿಗೂ ಕುಡಿಸುತ್ತಾರೆ, ಕಾಯಿಪಲ್ಲೆ ವಿರಳವಾದ ಆ ಮರಳು ನೆಲದಲ್ಲಿ ‘ಸಿ’ ಜೀವಸತ್ವ ದೊರೆಯುವುದು ಬಹುಮಟ್ಟಿಗೆ ಅದರಿಂದಲೇ. ಹುಳಿಸಿದ್ದಕ್ಕೆ ಬೇರೆಯೇ ಹೆಸರುಂಟು.

ನೀರಿಳಿದಾಗ ಪಕ್ಕದ ದಿಬ್ಬಕ್ಕೆ ನಡೆದುಹೋಗಿ, ಭರತದಲ್ಲಿ ಎದೆಮಟ್ಟದ ನೀರಿನಲ್ಲಿ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಮರಳಿದ ವೃತ್ತಾಂತವನ್ನು ಬಿಡುತ್ತೇವೆ. ಅದನ್ನು ದಂಡೆಯಲ್ಲಿ ನಿಂತು ನೋಡಿದವರು ವರ್ಷಪೂರ್ತಿ ಹೇಳಿಕೊಂಡು ನಕ್ಕರು, ಸಾಕು.

ನಗಲಾರದ ಸಂಗತಿಯೊಂದಿದೆ. ಸುಮಾರು ಹತ್ತು ವರ್ಷದ ಹುಡುಗನೊಬ್ಬನನ್ನು ಎಬ್ಬಿಸಿ, “ಏಳೆಂಟಲ ಐವತ್ತಾರು, ಹೌದೋ ಅಲ್ಲವೋ?” ಎಂದು ಕೇಳಿದೆವು. ಹುಡುಗ ನಮ್ಮನ್ನು ನೋಡಿದ, ಹುಬ್ಬೇರಿಸಿದ, ಸುಮ್ಮನಿದ್ದ. ಮತ್ತೆ ಕೇಳಿದೆವು, ಮತ್ತೆ ಹುಬ್ಬು. ಮೂರನೆಯ ಸಲವೂ ಅದೇ. ನಮ್ಮಲ್ಲಿ ಗುರುವಿನೆದುರು ಹುಬ್ಬು ಕುಣಿಸುವುದು ಉದ್ಧಟತನವಲ್ಲವೇ? ಗಂಟೆ ಬಾರಿಸುವವರೆಗೆ ಅವನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿದೆವು. ಮೂರು ವಾರ ಹೀಗೆಯೇ ನಡೆಯಿತು. ತಿಂಗಳ ವರದಿಯಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯಿಂದ ‘ಮಂದಮತಿ, ಅವಿಧೇಯ’ ಎಂದು ಬರೆದೆವು.

ವರದಿಯನ್ನು ಓದಿದ ಅಲ್ಲಿನ ಹಿರಿಯ ಅಧ್ಯಾಪಕಿಯೊಬ್ಬರು ನಮ್ಮಿಂದ ನಡೆದುದನ್ನೆಲ್ಲ ಕೇಳಿ ತಿಳಿದು, ಬಹಳ ಹೊತ್ತು ಸುಮ್ಮನಿದ್ದು, “ಅವನು ಮೂರು ಸಲವೂ ಹೌದೆಂದನಲ್ಲ?” ಎಂದರು. ಆ ದ್ವೀಪಗಳಲ್ಲಿ ಹುಬ್ಬೇರಿಸುವುದೇ ‘ಹೌದು’. ನಾವು ಶಿಕ್ಷಿಸಿದ್ದು ಸರಿಯುತ್ತರವನ್ನು. ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಮರುದಿನ ತರಗತಿಯ ಮುಂದೆ ಅವನ ಕ್ಷಮೆ ಬೇಡಿದೆವು. ಅವನು ನಾಚಿ ತಲೆ ತಗ್ಗಿಸಿದ. ಸಂಜೆ ಅವನ ತಂದೆ ನಮ್ಮ ಗುಡಿಸಲಿಗೆ ಬಂದಾಗ, ಕೋಪದ ಮಾತು ಕೇಳಲು ಸಿದ್ಧರಾಗಿ ಚಾಪೆ ಹಾಸಿದೆವು. ಆತ ಗಾಳಿಯ ವಿಷಯ, ಮೀನಿನ ವಿಷಯ ಮಾತನಾಡಿದ. ಅನಂತರ ನಮ್ಮ ಜೇಬಿನ ಲೇಖನಿಯನ್ನು ತೋರಿಸಿ, ಅದು ತನಗೆ ಬೇಕೆಂದ. ಅಲ್ಲಿ ‘ಬುಬುತಿ’ ಎಂದು ಬರೆಯುವ ಒಂದು ಪದ್ಧತಿಯುಂಟು: ಬಂಧುವಾದವನು ಬಾಯಿಬಿಟ್ಟು ಕೇಳಿದುದನ್ನು ಇಲ್ಲವೆನ್ನಲಾಗದು. ಇದೇ ಪದ್ಧತಿಯಲ್ಲಿ ಅದಾಗಲೇ ನಮ್ಮ ಕೊಡೆಯೂ ಎರಡು ಅಂಗಿಗಳೂ ಹೋಗಿದ್ದವು. ಅವನ್ನು ಒಳಗೊಳಗೇ ಗೊಣಗುತ್ತ ಕೊಟ್ಟಿದ್ದೆವು. ಈ ಸಲ ಗೊಣಗಲಿಲ್ಲ. ತಪ್ಪು ಮಾಡಿದವನನ್ನು ಬಂಧುವೆಂದೆಣಿಸಿ ಕೇಳಲು ಬಂದಿದ್ದಾನಲ್ಲ ಎಂದು ಕಣ್ಣು ತುಂಬಿತು. ಲೇಖನಿಯನ್ನಿತ್ತೆವು. ಆತ ಕರೇವೆಯ ಬಾಟಲಿಯನ್ನು ಮುಂದಿಟ್ಟ, ಕುಡಿದೆವು.

ಮರುದಿನ ಹುಡುಗ ಅದೇ ಲೇಖನಿಯಿಂದ ಕೆಂಪು ಶಾಯಿಯಲ್ಲಿ ಎಂಟರ ಮಗ್ಗಿಯನ್ನು ಬರೆದು ತಂದು ತೋರಿಸಿದ. ಸರಿಯಾಗಿದೆಯೇ ಎಂದು ನಮ್ಮ ಮುಖವನ್ನೇ ನೋಡುತ್ತ ನಿಂತ. ನಾವು ಹುಬ್ಬೇರಿಸಿದೆವು.